ಭಾರ ಎತ್ತಿ ತಿರುಗುವಾಗ ಸೊಂಟ ಕಾಪಾಡಿಕೊಳ್ಳುವುದು ಹೇಗೆ?

ಕಾರ್ಖಾನೆಯಲ್ಲಿ ಸೊಂಟ ಹಿಡಿದುಕೊಂಡವರನ್ನು ಕೇಳಿ ನೋಡಿ. ‘ಎತ್ತುವಾಗ ಏನೂ ಆಗಲಿಲ್ಲ, ಈ ಕಡೆ ತಿರುಗಿದೆ, ಚಳಕ್ ಅಂತು’ ಅನ್ನುವವರೇ ಜಾಸ್ತಿ. ಹಾಗಾಗಿ ತಿರುಗುವ ಹಂತದ ಬಗ್ಗೆ ಇಲ್ಲಿ ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ.

1. ಟ್ರಾಲಿ ಇದ್ದರೆ ಎತ್ತಲೇಬೇಡಿ. ಅದನ್ನು ಎಳೆಯುವ ಬದಲು ತಳ್ಳಿ.

2. ಪೆಟ್ಟಿಗೆಯನ್ನು ಕಾಲಿನಿಂದ ಮೆಲ್ಲಗೆ ನೂಕಿ, ತೂಕ ಅಂದಾಜು ಮಾಡಿ. ಹೋಗುವ ದಾರಿಯಲ್ಲಿ ಎಣ್ಣೆ, ಕೇಬಲ್ ಇದ್ದರೆ ಮೊದಲು ತೆಗೆಸಿ.

3. ಭಾರ ಮೈಗೆ ಹತ್ತಿರ ಇರಲಿ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗಲೂ ಮಿತಿ 23 ಕೆ.ಜಿ. ಪಾದದಿಂದ ಕೈ ಮುಂದಕ್ಕೆ ಚಾಚಿರುವ ಅಂತರ (ಎತ್ತರವಲ್ಲ, ಅಡ್ಡ ಅಳತೆ) 25 ಸೆಂ.ಮೀ.ನಿಂದ 50ಕ್ಕೆ ಹೋದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ, ಹನ್ನೊಂದೂವರೆ ಕೆ.ಜಿ. ಅಷ್ಟೇ! ‘ಮಂಡಿ ಬಗ್ಗಿಸಿ ಎತ್ತಿ’ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಗಲವಾದ ಪೆಟ್ಟಿಗೆ ಮಂಡಿಗಳ ನಡುವೆ ಹಿಡಿಸುವುದಿಲ್ಲ, ಅದು ಇನ್ನೂ ಮುಂದಕ್ಕೆ ಹೋಗುತ್ತದೆ. ಅಂಥದ್ದಕ್ಕೆ ಇಬ್ಬರು ಬೇಕು.

4. ಈಗ ತಿರುಗುವುದು. ಪಾದ ನೆಟ್ಟಲ್ಲೇ ಇಟ್ಟು ಸೊಂಟ ತಿರುಚುವುದೇ ದೊಡ್ಡ ತಪ್ಪು. 90 ಡಿಗ್ರಿ ತಿರುಚಿದರೆ ಅದೇ 23 ಕೆ.ಜಿ. ಮಿತಿ 16ರ ಆಸುಪಾಸಿಗೆ ಬರುತ್ತದೆ. ಜೊತೆಗೆ ಕೈಯನ್ನೂ ಮೇಲೆ ಹೇಳಿದ 50 ಸೆಂ.ಮೀ. ದೂರ ಚಾಚಿದ್ದರೆ 8 ಕೆ.ಜಿ. ಅಷ್ಟೆ. ಆದ್ದರಿಂದ ಮೊದಲು ಪಾದ ಎತ್ತಿ ಇಡಿ. ಹೋಗಬೇಕಾದ ಕಡೆಗೆ ಹತ್ತಿರ ಇರುವ ಕಾಲು ಮೊದಲು, ಇನ್ನೊಂದು ಅದರ ಹಿಂದೆ. ಕಾಲ್ಬೆರಳು, ಹೊಕ್ಕುಳು, ಪೆಟ್ಟಿಗೆ ಮೂರೂ ಸದಾ ಒಂದೇ ಕಡೆ ನೋಡುತ್ತಿರಬೇಕು. ಪಾದವನ್ನು ನೆಲದಲ್ಲೇ ತಿರುಗಿಸಬೇಡಿ. ರಬ್ಬರ್ ಮ್ಯಾಟ್ ಮೇಲೆ ಶೂ ಕಚ್ಚಿಕೊಂಡರೆ ಮಂಡಿ ತಿರುಚುತ್ತದೆ.

ಇಷ್ಟು ಹೇಳಿಕೊಟ್ಟರೂ ಜನ ತಿರುಚುತ್ತಾರೆ, ಯಾಕೆ ಗೊತ್ತಾ? ಕನ್ವೇಯರ್ (ಸರಕು ಹೊತ್ತು ಸಾಗುವ ಪಟ್ಟಿ) ಮತ್ತು ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಕೈಗೆಟುಕುವಷ್ಟು ಹತ್ತಿರ ಇರುತ್ತವೆ. ಹೆಜ್ಜೆ ಇಡಲು ಜಾಗವೂ ಇಲ್ಲ, ಅಗತ್ಯವೂ ಕಾಣುವುದಿಲ್ಲ. ಪ್ಯಾಲೆಟ್ಟನ್ನು ಎರಡು ಹೆಜ್ಜೆ ಆಚೆ ಸರಿಸಿ ನೋಡಿ, ಕಾಲು ತಾನಾಗಿಯೇ ಚಲಿಸುತ್ತದೆ. ಸಮಯ ಹಾಳು ಅಂತ ಸೂಪರ್‌ವೈಸರ್ ಗೊಣಗಿದರೂ ಬಿಟ್ಟುಕೊಡಬೇಡಿ.

ಅಂದಹಾಗೆ, ಸೊಂಟಕ್ಕೆ ಕಟ್ಟುವ ಬೆಲ್ಟ್ ಕೊಳ್ಳಬೇಡಿ. ಅದು ಗಾಯ ತಡೆಯುತ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ ನಿಯೋಶ್ 1994ರಲ್ಲೇ ಹೇಳಿದೆ. ಕಟ್ಟಿಕೊಂಡವರಿಗೆ ಸುಮ್ನೆ ಧೈರ್ಯ ಬಂದು ಇನ್ನೂ ಜಾಸ್ತಿ ಎತ್ತಿಬಿಟ್ಟರೆ ಕಷ್ಟ. ಆ ದುಡ್ಡನ್ನು ಲಿಫ್ಟ್ ಟೇಬಲ್‌ಗೆ, ಅಂದರೆ ಮೇಲೆ ಕೆಳಗೆ ಸರಿಸಬಹುದಾದ ಮೇಜಿಗೆ ಹಾಕಿ. ನೆಲದಿಂದ ಸುಮಾರು 75 ಸೆಂ.ಮೀ. ಎತ್ತರದಲ್ಲಿ ಹಿಡಿಯಲು ಸಿಕ್ಕರೆ ಬಗ್ಗುವ ಕೆಲಸವೇ ಇಲ್ಲ. ಟೇಬಲ್ ಬರುವವರೆಗೆ ಗಟ್ಟಿಯಾದ ಖಾಲಿ ಪ್ಯಾಲೆಟ್‌ಗಳನ್ನು ಪೆಟ್ಟಿಗೆಯ ಕೆಳಗೆ ಜೋಡಿಸಿದರೂ ನಡೆಯುತ್ತದೆ.

5. ಇಳಿಸುವಾಗ ಪೆಟ್ಟಿಗೆಯ ಅಂಚನ್ನು ಮೊದಲು ಊರಿ, ಆಮೇಲೆ ಒಳಗೆ ತಳ್ಳಿ.

ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಒಂದು ಮಾತು. ಗಂಟೆಗಟ್ಟಲೆ ಕುಲುಕಾಟದಲ್ಲಿ ಕೂತು ಇಳಿದ ಕೂಡಲೇ ಭಾರಕ್ಕೆ ಕೈ ಹಾಕಬೇಡಿ. ಕೆಲವು ನಿಮಿಷ ಓಡಾಡಿ, ಆಮೇಲೆ ಎತ್ತಿ.