ಕ್ಯಾಮೆರಾ ಕೊಳ್ಳಲು ಹೋಗುವಾಗ ಜೇಬಲ್ಲೊಂದು ಟಾರ್ಚ್ ಇರಲಿ

ಹೋದ ವರ್ಷ ಆಷಾಢದಲ್ಲಿ ನಮ್ಮ ಭಾವ 18 ಸಾವಿರ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್, ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ, ಅಂದರೆ ಡಿಎಸ್‌ಎಲ್‌ಆರ್ ತಂದರು. ಮೈಮೇಲೆ ಒಂದು ಗೀರಿರಲಿಲ್ಲ. ಬ್ಯಾಗು, ಬಿಲ್ಲು, ಪೆಟ್ಟಿಗೆ ಎಲ್ಲ ಇತ್ತು. ಶ್ರಾವಣದಲ್ಲಿ ಮಗಳ ತೊಟ್ಟಿಲ ಶಾಸ್ತ್ರಕ್ಕೆ ಫೋಟೊ ತೆಗೆದರೆ ಒಂದೊಂದರ ಮೇಲೂ ಬಚ್ಚಲೊಲೆಯ ಹೊಗೆ ಕವಿದ ಹಾಗೆ ಮಬ್ಬು. ನಾನು ಲೆನ್ಸ್ ಬಿಚ್ಚಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು, ಇನ್ನೊಂದು ಕಡೆಯಿಂದ ನೋಡಿದೆ. ಗಾಜಿನ ಒಳಗೆ ಬಿಳಿ ಎಳೆಗಳು ಬೇರಿನ ಹಾಗೆ ಕವಲೊಡೆದು ಹಬ್ಬಿದ್ದವು. ಬೂಷ್ಟು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಹಿಡಿಯುತ್ತದಲ್ಲ, ಅಂಥದ್ದೇ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನೆಂಟರ ಮನೆಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಮೆಗಾಪಿಕ್ಸೆಲ್ ಎಷ್ಟು, ಜೂಮ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಲೆನ್ಸಿನೊಳಗೆ ಇಣುಕಿ ನೋಡುವವರು ಮಾತ್ರ ಇಲ್ಲ. ಕಷ್ಟಪಟ್ಟು ಕೂಡಿಟ್ಟ ದುಡ್ಡು ಹೀಗೆ ಹೋದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ, 25 ಸಾವಿರದೊಳಗೆ, ದಿನಬಳಕೆಗೆ, ನಮ್ಮ ಮಳೆ ಸೀಮೆಯಲ್ಲಿ ಬಾಳಿಕೆ ಬರುವ ಕ್ಯಾಮೆರಾ ಆರಿಸುವುದು ಹೇಗೆ ಅಂತ ಬರೆಯುತ್ತಿದ್ದೇನೆ.

ಹಂತ 1: ಯಾವ ಫೋಟೊ ಬೇಕು?

ಹಗಲು ಹೊತ್ತು ಅಂಗಳದಲ್ಲಿ ನಿಲ್ಲಿಸಿ ತೆಗೆಯುವ ಫೋಟೊ ಸಾಕು ಅನ್ನುವವರಿಗೆ ಕ್ಯಾಮೆರಾ ಬೇಡ. ಕೈಯಲ್ಲಿರುವ ಮೊಬೈಲೇ ಆಯಿತು.

ನನ್ನ ಅಳತೆಗೋಲು ಬೇರೆ. ಕೊಯ್ಲಿನ ದಿನಗಳಲ್ಲಿ ರಾತ್ರಿ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಾರೆ. ತಲೆ ಮೇಲೆ ಒಂದೇ ಬಲ್ಬು. ಅತ್ತೆಯ ಕೈ ಮೆಟ್ಟುಗತ್ತಿಯ ಮೇಲೆ ಆಡುವ ವೇಗಕ್ಕೆ ಮೊಬೈಲಿನಲ್ಲಿ ಬೆರಳುಗಳೆಲ್ಲ ಕಲಸಿಹೋಗುತ್ತವೆ. ಆ ಬೆರಳುಗಳು ಬಿಡಿಬಿಡಿಯಾಗಿ ಕಾಣಬೇಕು, ಉಗುರಿಗೆ ಹತ್ತಿದ ಅಡಿಕೆ ಚೊಗರಿನ ಕಪ್ಪೂ ಕಾಣಬೇಕು. ಅಂಥ ಫೋಟೊ ಕೊಡುವುದು ನನ್ನ ಪಾಲಿಗೆ ಒಳ್ಳೆ ಕ್ಯಾಮೆರಾ. ತೋಟದ ನೆರಳು, ಜುಲೈ ತಿಂಗಳ ಮಧ್ಯಾಹ್ನ, ಹಳೆ ಮನೆಯ ನಡುಮನೆ, ಎಲ್ಲಿ ನೋಡಿದರೂ ನಮ್ಮಲ್ಲಿ ಬೆಳಕಿಗೇ ಬರ.

ಮಂಡಗದ್ದೆ ಪಕ್ಷಿಧಾಮದ ಹಕ್ಕಿಗಳನ್ನು ಹತ್ತಿರಕ್ಕೆ ಎಳೆದು ತೆಗೆಯುವ ಆಸೆ ಇದ್ದರೆ ಈ ಬಜೆಟ್ಟಿನಲ್ಲಿ ಆಗುವುದಿಲ್ಲ. ಉದ್ದ ಜೂಮಿನ ಅಗ್ಗದ ಕ್ಯಾಮೆರಾಗಳಿವೆ, ನಿಜ. ಆದರೆ ಅಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವುದೇ ಮಳೆಗಾಲದಲ್ಲಿ. ಮೋಡದ ಬೆಳಕಿಗೆ ಜೂಮ್ ಪೂರ್ತಿ ಎಳೆದರೆ ಅವು ಕೊಡುವ ಫೋಟೊದಲ್ಲಿ ಹಕ್ಕಿಗಿಂತ ಚುಕ್ಕಿಗಳೇ ಜಾಸ್ತಿ.

ಹಂತ 2: ಎರಡೇ ಅಂಕಿ ನೋಡಿ

ಮೊದಲನೆಯದು ಸೆನ್ಸರಿನ, ಅಂದರೆ ಲೆನ್ಸಿನ ಹಿಂದೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್ಪಿನ ಅಳತೆ. ಸೂರಿನ ನೀರಿಗೆ ತಂಬಿಗೆ ಇಡುವುದಕ್ಕೂ ಹಂಡೆ ಇಡುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ. ಬಾಯಿ ಅಗಲ ಇದ್ದಷ್ಟೂ ಬೆಳಕು ಹೆಚ್ಚು ತುಂಬುತ್ತದೆ. ಸಾಮಾನ್ಯ ಪುಟ್ಟ ಕ್ಯಾಮೆರಾಗಳಲ್ಲಿ ಇರುವುದು 1/2.3 ಇಂಚು ಅಂತ ಕರೆಯುವ ಸೆನ್ಸರ್. ಅದರ ಅಳತೆ ಸುಮಾರು 6.2 ಮತ್ತು 4.6 ಮಿಲಿಮೀಟರ್. 1 ಇಂಚು ಅನ್ನುವ ಸೆನ್ಸರ್ 13.2 ಮತ್ತು 8.8 ಮಿಲಿಮೀಟರ್, ಅಂದರೆ ವಿಸ್ತಾರದಲ್ಲಿ ನಾಲ್ಕು ಪಟ್ಟು. ಡಿಎಸ್‌ಎಲ್‌ಆರ್‌ಗಳಲ್ಲಿ ಬರುವ ಎಪಿಎಸ್-ಸಿ ಅನ್ನುವ ಸೆನ್ಸರ್ ಇನ್ನೂ ದೊಡ್ಡದು. 1 ಇಂಚಿಗಿಂತ ಚಿಕ್ಕದನ್ನು ದುಡ್ಡು ಕೊಟ್ಟು ಕೊಳ್ಳಬೇಡಿ.

ಎರಡನೆಯದು ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ. ಇದು ಬೆಳಕಿಂಡಿಯ ಲೆಕ್ಕ. ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಎಫ್ 1.8ರಲ್ಲಿ ಎಫ್ 3.5ಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಅತ್ತೆಯ ಬೆರಳು ಕಲಸಿಹೋಗುವುದೂ ನಿಲ್ಲುವುದೂ ಇಲ್ಲೇ ತೀರ್ಮಾನವಾಗುತ್ತದೆ.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 20 ಇದ್ದರೆ 12x18 ಇಂಚಿನ ಪ್ರಿಂಟ್ ಚೆನ್ನಾಗಿ ಬರುತ್ತದೆ. ಅದಕ್ಕಿಂತ ದೊಡ್ಡದನ್ನು ಮನೆ ಗೋಡೆಗೆ ಯಾರು ಹಾಕುತ್ತಾರೆ?

ಇಲ್ಲೊಂದು ಎಚ್ಚರಿಕೆ. ಆನ್‌ಲೈನಿನಲ್ಲಿ 4–6 ಸಾವಿರಕ್ಕೆ '48 ಮೆಗಾಪಿಕ್ಸೆಲ್, 4ಕೆ, 16 ಎಕ್ಸ್ ಜೂಮ್' ಅಂತ ಬರೆದ ಹೊಸ ಕ್ಯಾಮೆರಾಗಳು ಬರುತ್ತವೆ. ಹೆಸರು ಎಂದೂ ಕೇಳಿರುವುದಿಲ್ಲ. ಒಳಗಿರುವುದು ಕಾಳಿನಷ್ಟು ಸೆನ್ಸರ್. ಅದು ಹಿಡಿದ ಸಣ್ಣ ಚಿತ್ರವನ್ನು ಹಿಗ್ಗಿಸಿ 48 ಅಂತ ಲೆಕ್ಕ ಕೊಡುತ್ತಾರೆ. ಜೂಮ್ ಕೂಡ ಡಿಜಿಟಲ್, ಅಂದರೆ ಚಿತ್ರವನ್ನು ಕತ್ತರಿಸಿ ದೊಡ್ಡದು ಮಾಡುವುದು ಅಷ್ಟೇ. ಮಕ್ಕಳ ಹುಟ್ಟುಹಬ್ಬಕ್ಕೆ ಅಂತ ಇದನ್ನು ತಂದ ಮನೆಗಳು ನನಗೆ ಗೊತ್ತು. ವಾರದೊಳಗೆ ಮಕ್ಕಳು ಮತ್ತೆ ಮೊಬೈಲಿಗೇ ಹೋದರು. ಇದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಹಂತ 3: ಜೇಬಿಗೋ, ಬ್ಯಾಗಿಗೋ?

ನಮ್ಮ ಬಜೆಟ್ಟಿಗೆ ಸೆಕೆಂಡ್ ಹ್ಯಾಂಡ್ ಮಾಲೇ ಸರಿ. ಅದರಲ್ಲಿ ಎರಡು ದಾರಿ. ಒಂದು, 1 ಇಂಚು ಸೆನ್ಸರಿನ ಪುಟ್ಟ ಕ್ಯಾಮೆರಾ. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100ರ ಮೊದಲ ಮಾಡೆಲ್, 2015ರ ಕ್ಯಾನನ್ ಜಿ9 ಎಕ್ಸ್ ಈ ಜಾತಿಯವು. ಇನ್ನೊಂದು, 2018ರಲ್ಲಿ ಬಂದ ನಿಕಾನ್ ಡಿ3500 ಅಥವಾ ಕ್ಯಾನನ್ 1500ಡಿಯಂಥ ಡಿಎಸ್‌ಎಲ್‌ಆರ್, 18–55 ಮಿಲಿಮೀಟರ್ ಜೂಮ್ ಲೆನ್ಸಿನ ಜೊತೆಗೆ.

ನನ್ನನ್ನು ಕೇಳಿದರೆ ಜೇಬಿನದೇ ತಗೊಳ್ಳಿ. ಆರ್‌ಎಕ್ಸ್100 ಬ್ಯಾಟರಿ ಸೇರಿ 240 ಗ್ರಾಂ. ಡಿ3500 ಬ್ಯಾಟರಿ, ಲೆನ್ಸ್ ಸೇರಿ 620 ಗ್ರಾಮಿನ ಹತ್ತಿರ. ಚಿತ್ರದ ಗುಣಮಟ್ಟದಲ್ಲಿ ಡಿಎಸ್‌ಎಲ್‌ಆರ್ ಒಂದು ಕೈ ಮೇಲೆ, ಒಪ್ಪುತ್ತೇನೆ. ಬ್ಯಾಟರಿ ಬಾಳಿಕೆಯಲ್ಲಂತೂ ಹೋಲಿಕೆಯೇ ಇಲ್ಲ. ಡಿ3500 ಒಂದು ಚಾರ್ಜಿಗೆ 1,550 ಫೋಟೊ ಕೊಡುತ್ತದೆ ಅನ್ನುತ್ತದೆ ಕಂಪನಿ. ಆರ್‌ಎಕ್ಸ್100 ಕೊಡುವುದು 330. ಆದರೆ ಮಲೆನಾಡಿನಲ್ಲಿ ಬೇರೆಯೇ ಒಂದು ಲೆಕ್ಕ ಇದೆ. ಭಾರದ ಕ್ಯಾಮೆರಾ ಬೀರು ಸೇರುತ್ತದೆ. ಬೀರು ಸೇರಿದ್ದಕ್ಕೆ ಕತ್ತಲು, ತೇವ, ಗಾಳಿ ಇಲ್ಲದ ಜಾಗ ಸಿಗುತ್ತದೆ. ಬೂಷ್ಟಿಗೆ ಬೇಕಾದ್ದೂ ಅವೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆ ತೇವದಲ್ಲಿ ದಿನಾ ಕೈಗೆ ಬರುವ ಕ್ಯಾಮೆರಾ ಉಳಿಯುತ್ತದೆ, ಎತ್ತಿಟ್ಟದ್ದು ಹಾಳಾಗುತ್ತದೆ. ಹಾಲು ಡೇರಿಗೆ ಹಾಕಲು ಹೋಗುವಾಗಲೂ ಜೇಬಿಗೆ ಬೀಳುವಂಥದ್ದು ಬೇಕು.

ಮನೆಯಲ್ಲಿ ಓಡಾಡುವ ಚಿಕ್ಕ ಮಕ್ಕಳಿದ್ದು, ದಿನಾ ಹೊರತೆಗೆಯುವ ಮನಸ್ಸೂ ಇದ್ದರೆ ಡಿಎಸ್‌ಎಲ್‌ಆರ್ ತಗೊಳ್ಳಿ. ಓಡುವ ಮಗುವನ್ನು ಅದು ಬೇಗ ಹಿಡಿಯುತ್ತದೆ. ನಿಕಾನ್ ಡಿ3000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇರುವುದಿಲ್ಲ ಅನ್ನುವುದು ನೆನಪಿರಲಿ. ಅಗ್ಗಕ್ಕೆ ಸಿಕ್ಕಿತು ಅಂತ ತನ್ನೊಳಗೂ ಮೋಟರ್ ಇಲ್ಲದ ಹಳೆ ಎಎಫ್-ಡಿ ಲೆನ್ಸ್ ತಂದರೆ ಕೈಯಿಂದಲೇ ಫೋಕಸ್ ಮಾಡುತ್ತಾ ಕೂರಬೇಕು.

ಹಂತ 4: ಅಂಗಡಿಯಲ್ಲಿ ಅರ್ಧ ಗಂಟೆ

ಎಲ್ಲರೂ ಎಡವುವುದು ಇಲ್ಲಿ. ಆತುರ ಬೇಡ. ಜೊತೆಗೆ ಒಂದು ಟಾರ್ಚ್, ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಮೊಬೈಲಿನ ಟಾರ್ಚ್ ಆದರೂ ಸಾಕು. ನೋಡಲು ಬಿಡುವುದಿಲ್ಲ ಅಂದವರ ಹತ್ತಿರ ವ್ಯಾಪಾರವೇ ಬೇಡ. ಕೊರಿಯರ್‌ನಲ್ಲಿ ಕಳಿಸುತ್ತೇನೆ, ಮೊದಲು ದುಡ್ಡು ಹಾಕಿ ಅನ್ನುವವರಿಗೂ ಇದೇ ಉತ್ತರ.

ಮೊದಲು ಬ್ಯಾಗಿಗೆ ಮೂಗು ಹಚ್ಚಿ. ಮುಗ್ಗಲು ವಾಸನೆ ಬಂದರೆ ಅದು ತೇವದಲ್ಲಿ ಇಟ್ಟಿದ್ದ ಕ್ಯಾಮೆರಾ. ಒಳಗೆ ನೋಡುವಾಗ ಎರಡು ಪಟ್ಟು ಹುಷಾರಾಗಿರಿ.

ಆಮೇಲೆ ಲೆನ್ಸ್. ಅಂಗಡಿಯ ಕತ್ತಲ ಮೂಲೆಗೆ ಹೋಗಿ. ಡಿಎಸ್‌ಎಲ್‌ಆರ್ ಆದರೆ ಲೆನ್ಸನ್ನು ಬಾಡಿಯಿಂದ ಬಿಚ್ಚಿ. ಕ್ಯಾನನ್ ಲೆನ್ಸಿನ ಒಳಗಿನ ಕಿಂಡಿ ಬಿಚ್ಚಿದಾಗಲೂ ಪೂರ್ತಿ ತೆರೆದೇ ಇರುತ್ತದೆ. ನಿಕಾನ್ 18–55ರಲ್ಲಿ ಮುಚ್ಚಿಕೊಂಡಿರುತ್ತದೆ. ಹಿಂಭಾಗದಲ್ಲಿ ಒಂದು ಸಣ್ಣ ಲೋಹದ ಕಡ್ಡಿ ಇದೆ, ಅದನ್ನು ಮೆಲ್ಲಗೆ ತಳ್ಳಿ ಹಿಡಿದರೆ ತೆರೆಯುತ್ತದೆ. ಇದು ಗೊತ್ತಿಲ್ಲದೆ ಮುಚ್ಚಿದ ಕಿಂಡಿಯಲ್ಲೇ ಇಣುಕಿ, ಸ್ವಚ್ಛವಾಗಿದೆ ಅಂತ ದುಡ್ಡು ಎಣಿಸಿದವರಿದ್ದಾರೆ.

ಟಾರ್ಚನ್ನು ನೇರ ಕಣ್ಣಿಗೆ ಹೊಡೆಯುವ ಹಾಗೆ ಹಿಡಿಯಬೇಡಿ. ಹಿಂಭಾಗದಿಂದ ಸ್ವಲ್ಪ ಓರೆಯಾಗಿ ಬೆಳಕು ಬಿಟ್ಟು, ಮುಂದಿನಿಂದ ನೋಡಿ. ಲೆನ್ಸನ್ನು ನಿಧಾನವಾಗಿ ವಾಲಿಸುತ್ತಾ ಹೋಗಿ. ಒಂದು ಕೋನದಲ್ಲಿ ಏನೂ ಕಾಣದ ಗಾಜು ಇನ್ನೊಂದು ಕೋನದಲ್ಲಿ ಗುಟ್ಟು ಬಿಟ್ಟುಕೊಡುತ್ತದೆ. 18ರಲ್ಲಿ ಒಮ್ಮೆ, 55ರಲ್ಲಿ ಒಮ್ಮೆ ನೋಡಿ, ಯಾಕೆಂದರೆ ಒಳಗಿನ ಗಾಜುಗಳು ಜಾಗ ಬದಲಿಸುತ್ತವೆ. ಬಿಡಿಬಿಡಿ ಚುಕ್ಕಿಗಳು ಕಂಡರೆ ಧೂಳು. ನಾಲ್ಕಾರು ಇದ್ದರೆ ಫೋಟೊಗೆ ಏನೂ ಆಗುವುದಿಲ್ಲ. ಕವಲೊಡೆದ ಎಳೆ, ಜೇಡರ ಬಲೆ, ಹತ್ತಿಯ ನಾರಿನಂಥದ್ದು ಕಂಡರೆ ಬೂಷ್ಟು. ಗಾಜಿಡೀ ಉಸಿರು ಬಿಟ್ಟ ಹಾಗೆ ಮಬ್ಬಾಗಿದ್ದರೂ ಬೇಡ. 'ಸ್ವಲ್ಪ ಇದೆ, ಕ್ಲೀನ್ ಮಾಡಿಸಿದರೆ ಹೋಗುತ್ತೆ ಸಾರ್' ಅನ್ನುತ್ತಾರೆ. ಹೊರಗಿನ ಗಾಜಿನ ಮೇಲಿದ್ದರೆ ಒರೆಸಬಹುದು. ಒಳಗಿದ್ದರೆ ಲೆನ್ಸನ್ನೇ ಬಿಚ್ಚಿ ಹಾಕಬೇಕು. ಬೂಷ್ಟು ಬಿಡುವ ಆಮ್ಲ ಗಾಜಿನ ಲೇಪವನ್ನೇ ತಿಂದಿದ್ದರೆ, ಒರೆಸಿದ ಮೇಲೂ ಗುರುತು ಉಳಿಯುತ್ತದೆ. ಬೆಲೆ ಅರ್ಧಕ್ಕೆ ಇಳಿಸಿದರೂ ವಾಪಸ್ ಕೊಟ್ಟು ಬನ್ನಿ.

ಜೇಬಿನ ಕ್ಯಾಮೆರಾದಲ್ಲಿ ಲೆನ್ಸ್ ಬಿಚ್ಚಲು ಬರುವುದಿಲ್ಲ. ಆನ್ ಮಾಡಿ, ಲೆನ್ಸ್ ಹೊರಬಂದ ಮೇಲೆ ಮುಂದಿನಿಂದಲೇ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಹೊರಬರುವಾಗ, ಒಳಹೋಗುವಾಗ ಕರಕರ ಸದ್ದು ಬಂದರೆ, ತಡವರಿಸಿದರೆ ಬೇಡ.

ಈಗ ಸೆನ್ಸರ್. ಕಿಂಡಿಯನ್ನು ಸಣ್ಣದು ಮಾಡಿ. ಡಿಎಸ್‌ಎಲ್‌ಆರ್‌ನಲ್ಲಿ ಎಫ್ 16, ಆರ್‌ಎಕ್ಸ್100ರಲ್ಲಿ ಎಫ್ 11. ಅಂಗಡಿ ಬಾಗಿಲಿಗೆ ಬಂದು ಬಿಳಿ ಮೋಡದ ಫೋಟೊ ತೆಗೆಯಿರಿ. ಶಿವಮೊಗ್ಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಇದಕ್ಕೆ ಕೊರತೆ ಇಲ್ಲ. ಪರದೆಯಲ್ಲಿ ಹಿಗ್ಗಿಸಿ ಮೂಲೆಮೂಲೆ ನೋಡಿ. ಬೂದು ಬಣ್ಣದ ಕಲೆಗಳಿದ್ದರೆ ಸೆನ್ಸರಿನ ಮೇಲೆ ಧೂಳು ಕೂತಿದೆ. ಡಿಎಸ್‌ಎಲ್‌ಆರ್ ಆದರೆ ಗಾಳಿ ಊದುವ ರಬ್ಬರ್ ಬುರುಡೆಯಲ್ಲೇ ಬಹಳಷ್ಟು ಹೋಗುತ್ತದೆ. ಜೇಬಿನದನ್ನು ಪೂರ್ತಿ ಬಿಚ್ಚಿಸಬೇಕಾಗುತ್ತದೆ, ಹಾಗಾಗಿ ಅದರಲ್ಲಿ ಕಲೆ ಇದ್ದರೆ ಬಿಟ್ಟುಬಿಡಿ.

ಇನ್ನು ಎಷ್ಟು ದುಡಿದ ಕ್ಯಾಮೆರಾ ಅನ್ನುವುದು. ಡಿಎಸ್‌ಎಲ್‌ಆರ್‌ನ ನೆತ್ತಿಯ ಮೇಲೆ ಫ್ಲಾಶ್ ಸಿಕ್ಕಿಸುವ ಲೋಹದ ಜಾಡು ಇರುತ್ತದೆ. ಅದರ ಕಪ್ಪು ಬಣ್ಣ ಕಿತ್ತು ಲೋಹ ಹೊಳೆಯುತ್ತಿದ್ದರೆ ಹಗಲೂ ರಾತ್ರಿ ಮದುವೆ ಮನೆಯಲ್ಲಿ ದುಡಿದದ್ದು ಅಂತ ತಿಳಿಯಿರಿ. ಸ್ಟುಡಿಯೋದವರು ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾಗೆ, ಅಂದರೆ ಮಿರರ್‌ಲೆಸ್‌ಗೆ ಹೋಗುತ್ತಾ ಹಳೆಯದನ್ನು ಮಾರುತ್ತಿದ್ದಾರೆ. ಅವರಲ್ಲಿ ಕ್ಯಾಮೆರಾವನ್ನು ಮಗುವಿನ ಹಾಗೆ ನೋಡಿಕೊಂಡವರೂ ಇದ್ದಾರೆ. ಆದರೂ ಎಷ್ಟು ಕ್ಲಿಕ್ ಆಗಿದೆ ಅಂತ ತಿಳಿದೇ ಕೊಳ್ಳಿ. ಪ್ರತಿ ಕ್ಲಿಕ್ಕಿಗೂ ಸೆನ್ಸರಿನ ಮುಂದೆ ತೆರೆದು ಮುಚ್ಚುವ ಬಾಗಿಲೇ ಶಟರ್. ಡಿ3500ರ ಶಟರ್ ಬಾಳಿಕೆ ಸುಮಾರು 1 ಲಕ್ಷ ಕ್ಲಿಕ್. ನಿಕಾನ್ ತೆಗೆದ ಫೋಟೊದ ಫೈಲಿನೊಳಗೇ ಆ ಲೆಕ್ಕ ಇರುತ್ತದೆ. ಶಟರ್ ಕೌಂಟ್ ತೋರಿಸುವ ವೆಬ್‌ಸೈಟಿಗೆ ಹಾಕಿದರೆ ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊದಲ್ಲಿ ಆ ಮಾಹಿತಿ ಅಳಿಸಿಹೋಗಿರುತ್ತದೆ, ನಿಮ್ಮ ಕಾರ್ಡಿಗೆ ನೀವೇ ತೆಗೆದದ್ದು ಬೇಕು.

ಬ್ಯಾಟರಿ ಬಾಗಿಲು ತೆಗೆದು ತಾಮ್ರದ ತುದಿಗಳನ್ನು ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ನೀರು ಕುಡಿದಿದೆ. ತಳದ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಕ್ಕೆ ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ಫೋಕಸ್ ಮಾಡಿ. ಎಲ್ಲ ಸರಿ ಇದ್ದರೆ ಚೌಕಾಸಿ ಶುರು ಮಾಡಿ.

ಹಂತ 5: ಕಾರ್ಡು, ಬಿಲ್ಲು

32 ಜಿಬಿಯ ಒಳ್ಳೆ ಕಂಪನಿ ಕಾರ್ಡ್ ಒಂದು, ಬದಲಿ ಬ್ಯಾಟರಿ ಒಂದು, ಸೀರಿಯಲ್ ನಂಬರ್ ಬರೆದ ರಸೀದಿ. 128 ಜಿಬಿ ಕಾರ್ಡ್ 200 ರೂಪಾಯಿಗೆ ಸಿಕ್ಕರೆ ಅದು ನಕಲಿ.

ಹಂತ 6: ಮನೆಗೆ ತಂದ ದಿನವೇ ಡಬ್ಬಿ ರೆಡಿ ಮಾಡಿ

ಜೊತೆಗೆ ಬಂದ ಚರ್ಮದ ಕವರಿನಲ್ಲಿ ಇಡಬೇಡಿ, ಅದು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅಕ್ಕಿ ಡಬ್ಬಿಯಲ್ಲೂ ಬೇಡ, ಹಿಟ್ಟಿನ ಧೂಳು ಸಂದಿಗೊಂದಿಗೆ ಹೋಗುತ್ತದೆ. ಅಡಿಕೆ ಅಟ್ಟದ ಬೆಚ್ಚಗೂ ಬೇಡ, ಹೊಗೆ ಗಾಜಿಗೆ ಕೂರುತ್ತದೆ. ರಬ್ಬರ್ ಪಟ್ಟಿ ಇರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತನ್ನಿ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು 200 ಗ್ರಾಂ ಅನ್ನು ಬಟ್ಟೆ ಚೀಲದಲ್ಲಿ ಕಟ್ಟಿಡಿ. ತೇವ ತೋರಿಸುವ ಪುಟ್ಟ ಮೀಟರ್ ಒಂದು ಇರಲಿ. ಅದರಲ್ಲಿ ಶೇಕಡಾ 40ರಿಂದ 50 ಇದ್ದರೆ ಸರಿ. 60 ದಾಟಿದರೆ ಜೆಲ್ ನೆನೆದಿದೆ ಅಂತ ಅರ್ಥ.

ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದನ್ನೇ ಕೇಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಅನ್ನುವ ವಿಷದ ಅಂಶ ಇದೆ. ನೆನೆದಾಗ ಕಿತ್ತಳೆ ಬಣ್ಣ ಹಸಿರಿಗೆ ತಿರುಗುತ್ತದೆ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆ ಆಗುತ್ತದೆ. ಪೂರ್ತಿ ತಣಿದ ಮೇಲಷ್ಟೇ ಡಬ್ಬಿಗೆ ಹಾಕಿ. ಪುನರ್ವಸು, ಪುಷ್ಯ ಮಳೆ ಹಿಡಿದ ವಾರಗಳಲ್ಲಿ ನಮ್ಮ ಮನೆಯಲ್ಲಿ ಹತ್ತು ದಿನಕ್ಕೊಮ್ಮೆ ಹುರಿಯಬೇಕಾಗುತ್ತದೆ. ಭಾವನೂ ಈ ಸಲ ಬೇರೆ ಲೆನ್ಸ್ ತಂದು, ಮೊದಲ ಮಳೆಗೆ ಮುಂಚೆಯೇ ಡಬ್ಬಿ ತಂದಿಟ್ಟಿದ್ದಾರೆ.