ಸರ್ವಿಸ್ ಮಾಡಿದ ಡೈನಮೊ ಬಾಳಿಕೆ ಬರುತ್ತೆ: ಬಿಸಿ ಟೆಸ್ಟ್ ಬಗ್ಗೆ ನನ್ನ ಅನುಭವ

"ಸರ್ವಿಸ್ ಮಾಡಿದ ಡೈನಮೊ ಬಾಳಿಕೆ ಬರಲ್ಲ ಸ್ವಾಮಿ, ಹಳೇದು ಕೊಟ್ಟು ಎಕ್ಸ್‌ಚೇಂಜ್ ಹಾಕಿಸ್ಕೊಳಿ." ಬನ್ನಿಮಂಟಪದಿಂದ ಮದ್ದೂರಿನ ತನಕ ಯಾವ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋದರೂ ಇದೇ ಮಾತು. ಡೈನಮೊ ಅಂದ್ರೆ ಗಾಡಿಯ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್. ಅದನ್ನ ನಾನು ಬಿಸಿ ಮಾಡಿ ಅಳೆಯೋಕೆ ಶುರು ಮಾಡಿದಾಗ ನಮ್ಮ ಲೈನ್‌ನವರೇ ಇದು ಕೆಲಸ ಇಲ್ಲದವರ ಕೆಲಸ ಅಂದರು. ಕಬ್ಬಿನ ಸೀಸನ್ ಪೂರ್ತಿ ಹಗಲೂ ರಾತ್ರಿ ಓಡಿದ ಬೊಲೆರೊ, ಸುಮೊಗಳಲ್ಲಿ ಈಗ ಅದೇ ಆಲ್ಟರ್ನೇಟರ್‌ಗಳು 14 ವೋಲ್ಟ್ ಕೊಡ್ತಾ ಇವೆ. ಅದಕ್ಕೇ ಬರೀತಿದ್ದೀನಿ.

ಸರ್ವಿಸ್ ಆಗಿದ್ದು ವಾಪಸ್ ಬರೋದಕ್ಕೆ ನಾನು ಕಂಡಿರೋ ಕಾರಣ ಎರಡು. ಬೆಂಚ್ ಮೇಲೆ ತಣ್ಣಗಿರುವಾಗ ಅಳೆದು ಸರಿ ಇದೆ ಅಂತಾರೆ. ಬಾನೆಟ್ ಒಳಗೆ ಅದು 90–100 ಡಿಗ್ರಿಯಲ್ಲಿ ದುಡಿಯಬೇಕು. ಇನ್ನೊಂದು, ಸುಟ್ಟಿದ್ದನ್ನ ಬದಲಾಯಿಸ್ತಾರೆ, ಯಾಕೆ ಸುಡ್ತು ಅಂತ ನೋಡಲ್ಲ.

ಬಿಚ್ಚೋಕೆ ಮುಂಚಿನ ಕೆಲಸ ನಿಮಗೆಲ್ಲ ಗೊತ್ತಿರೋದೇ, ಬೇಗ ಹೇಳಿಬಿಡ್ತೀನಿ. ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ಇರಬೇಕು, 12.4ಕ್ಕಿಂತ ಕಡಿಮೆ ಇದ್ದರೆ ಮೊದಲು ಹೊರಗಡೆ ಚಾರ್ಜ್ ಮಾಡಿ. ಸ್ಟಾರ್ಟ್ ಆದ ಮೇಲೆ 13.8ರಿಂದ 14.4. ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ 8–10 ಮಿ.ಮೀ. ಬಗ್ಗಬೇಕು. ಆಮೇಲೆ ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ, ಗಾಡಿಯನ್ನ ಸುಮಾರು 2000 ಆರ್‌ಪಿಎಂಗೆ ರೇಸ್ ಮಾಡಿ, ವೈರಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತೆ ಅಂತ ನೋಡೋ ಡ್ರಾಪ್ ಟೆಸ್ಟ್: ಆಲ್ಟರ್ನೇಟರಿಂದ ಕರೆಂಟ್ ಹೊರಬರೋ ಬಿ ಪ್ಲಸ್ ಬೋಲ್ಟಿಂದ ಬ್ಯಾಟರಿ ಪ್ಲಸ್‌ಗೆ 0.2–0.3 ವೋಲ್ಟ್ ದಾಟಬಾರದು, ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ 0.1ರ ಆಸುಪಾಸು. ನಮ್ಮ ಕಡೆ ಈ ಅರ್ಥ್ ಬದಿಯೇ ಜಾಸ್ತಿ ಕೈ ಕೊಡೋದು. ನಾಲೆ ಏರಿ ಮೇಲೆ ಓಡಿ ಕೆಸರು ಮೆತ್ತಿಕೊಂಡು, ನಾಲೆ ನೀರಲ್ಲೇ ತೊಳೆಸಿಕೊಂಡು, ಎಂಜಿನ್‌ಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ಹಸಿರು ತಿರುಗಿರುತ್ತೆ. ಇನ್ನೂರು ರೂಪಾಯಿ ಪಟ್ಟಿಗೆ ಹೋಗೋ ರೋಗಕ್ಕೆ ಆಲ್ಟರ್ನೇಟರನ್ನೇ ಎಸೆದಿರೋದನ್ನ ಬೇಕಾದಷ್ಟು ನೋಡಿದ್ದೀನಿ.

ಇನ್ನೊಂದು ಪರೀಕ್ಷೆಗೆ ಮೀಟರೂ ಬೇಡ. ರಾತ್ರಿ ನಿಲ್ಲಿಸಿದ ಗಾಡಿಯ ಬಾನೆಟ್ಟನ್ನ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಎತ್ತಿ ಆಲ್ಟರ್ನೇಟರ್ ಹಿಂಭಾಗ ಮುಟ್ಟಿ. ಬೆಚ್ಚಗಿದ್ದರೆ, ಕರೆಂಟನ್ನ ಒಂದೇ ದಿಕ್ಕಿಗೆ ಬಿಡಬೇಕಾದ ಡಯೋಡ್ ಲೀಕ್, ಬ್ಯಾಟರಿಯನ್ನ ರಾತ್ರಿಯೆಲ್ಲ ಅದೇ ಕುಡಿದಿದೆ. ಎಷ್ಟು ಅಂತ ತಿಳೀಬೇಕಾದರೆ ಬಿ ಪ್ಲಸ್ ವೈರಲ್ಲಿ ಆಂಪ್ ಮೀಟರ್ ಹಾಕಿ. ಇಡೀ ಗಾಡಿ ನಿಂತಲ್ಲಿ ಎಳೆಯೋದು 50 ಮಿಲಿ ಆಂಪ್ ಒಳಗಿರಬೇಕು. ಕೆಟ್ಟ ಡಯೋಡ್ ಒಂದೇ ಅರ್ಧ ಆಂಪ್, ಒಂದು ಆಂಪ್ ಎಳೆಯುತ್ತೆ.

ಈಗ ಬಿಸಿ ಟೆಸ್ಟ್. ಗಾಡಿ ಮೇಲೇ ಮೊದಲು ಮಾಡೋದು. ತಣ್ಣಗಿರುವಾಗ ಬ್ಯಾಟರಿ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟ್, ಆಮೇಲೆ ಮೀಟರನ್ನ ಎಸಿ ವೋಲ್ಟ್‌ಗೆ ತಿರುಗಿಸಿ ಬಿ ಪ್ಲಸ್‌ನಲ್ಲಿ ರಿಪಲ್ (ಡಿಸಿಯಲ್ಲಿ ಉಳಿದ ಎಸಿ ಅಲೆ), ಎರಡನ್ನೂ ಬರೆದಿಟ್ಟುಕೊಳ್ಳಿ. ಬಾನೆಟ್ ಮುಚ್ಚಿ, ಎಲ್ಲ ಲೋಡ್ ಹಾಕಿ, 20–25 ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ನಡುವೆ ನಡುವೆ ರೇಸ್ ಮಾಡ್ತಾ ಇರಿ. ಮತ್ತೆ ಅಳೆಯಿರಿ. ತಣ್ಣಗಿದ್ದಾಗ 14.3 ಇದ್ದದ್ದು ಬಿಸಿಯಾದ ಮೇಲೆ 13.7, 13.8ಕ್ಕೆ ಇಳಿದರೆ ಅದು ರೋಗ ಅಲ್ಲ, ಬಿಸಿಗೆ ತಕ್ಕಂತೆ ವೋಲ್ಟ್ ಹಿಡಿತದಲ್ಲಿಡೋ ರೆಗ್ಯುಲೇಟರೇ ಬೇಕಂತ ಇಳಿಸುತ್ತೆ. ಇದನ್ನ ನೋಡಿ ರೆಗ್ಯುಲೇಟರ್ ಬದಲಾಯಿಸೋರು ಬಹಳ ಜನ, ಆ ದುಡ್ಡು ದಂಡ. ವೋಲ್ಟ್ 13.2ಕ್ಕೆ ಬಂದು, ಮೊದಲು 0.1 ಇದ್ದ ರಿಪಲ್ 0.5 ದಾಟಿದರೆ ಡಯೋಡ್. ರಿಪಲ್ ಹಾಗೇ ಇದ್ದು ವೋಲ್ಟ್ ಮಾತ್ರ ಕುಣಿದರೆ ಕಾರ್ಬನ್ (ಬ್ರಷ್), ಅದು ಉಜ್ಜೋ ಸ್ಲಿಪ್ ರಿಂಗ್ ಇಲ್ಲವೇ ಆರ್ಮೇಚರ್ (ಒಳಗೆ ತಿರುಗೋ ರೋಟರ್) ಜಾಯಿಂಟ್. ಇಷ್ಟು ತಿಳಿದ ಮೇಲೇ ಸ್ಪ್ಯಾನರ್ ಹಿಡೀತೀನಿ. ಎಂಜಿನ್ ಓಡ್ತಿರುವಾಗ ಬ್ಯಾಟರಿ ಕಂಬಿ ಕೀಳೋ ಹಳೇ ಟೆಸ್ಟನ್ನ ಮಾತ್ರ ಮಾಡಬೇಡಿ. ಆ ಗಳಿಗೆಯಲ್ಲಿ ವೋಲ್ಟೇಜ್ 40 ದಾಟಿ ಏರುತ್ತೆ, ಇಸಿಯು (ಎಂಜಿನ್ ಕಂಪ್ಯೂಟರ್) ಇರೋ ಗಾಡಿಯಾದರೆ ಅದೇ ಸುಟ್ಟುಹೋಗಬಹುದು, ಅದರ ಬೆಲೆ ಆಲ್ಟರ್ನೇಟರಿಗಿಂತ ಎಷ್ಟೋ ಜಾಸ್ತಿ.

ಬೆಂಚ್ ಮೇಲೆ ಆರ್ಮೇಚರ್ ಮೊದಲು. ಸ್ಲಿಪ್ ರಿಂಗ್ ಎರಡರ ಮಧ್ಯೆ ತಣ್ಣಗಿದ್ದಾಗ 2.5ರಿಂದ 4 ಓಮ್ ಒಳಗೆ ಬರುತ್ತೆ. ಅಷ್ಟಕ್ಕೇ ಕೆಳಗಿಡಬೇಡಿ. ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ಕಾಲು ಗಂಟೆ ಬಿಡಿ. 3–5 ಆಂಪ್ ಹರಿದು ಅದು ತಾನೇ ಕಾಯುತ್ತೆ, ಬೇರೆ ಒಲೆ ಬೇಕಿಲ್ಲ. ಬಿಸಿಯಲ್ಲಿ ಮತ್ತೆ ಅಳೆದರೆ 3 ಓಮ್ ಇದ್ದದ್ದು 3.7, 3.9 ಆಗಿರುತ್ತೆ, ತಾಮ್ರದ ಗುಣ ಅದು. ಹೀಗೆ ನಿಧಾನವಾಗಿ ಏರಿದರೆ ಒಳ್ಳೆ ಆರ್ಮೇಚರ್. ತಟ್ಟನೆ ಹಾರಿದರೆ, ಅಥವಾ ಸ್ಲಿಪ್ ರಿಂಗ್ ಹತ್ರ ವೈರನ್ನ ಕಟ್ಟಿಗೆ ಕಡ್ಡಿಯಲ್ಲಿ ಅಲ್ಲಾಡಿಸಿದಾಗ ಮೀಟರ್ ಓಪನ್ ತೋರಿಸಿದರೆ, ಜಾಯಿಂಟ್ ಬಿಟ್ಟಿದೆ. "ಬೆಳಿಗ್ಗೆ ಚಾರ್ಜ್ ಆಗುತ್ತೆ, ಶ್ರೀರಂಗಪಟ್ಟಣ ದಾಟಿದ ಮೇಲೆ ಚಾರ್ಜ್ ಇಲ್ಲ ಅನ್ನೋ ಲೈಟ್ ಬರುತ್ತೆ" ಅನ್ನೋ ಗಾಡಿಗಳಲ್ಲಿ ಮುಕ್ಕಾಲುಪಾಲು ಇದೇ. ಜಾಯಿಂಟ್ ಕೆರೆದು, ವೈರನ್ನ ಮೊದಲು ಸುತ್ತಿ ಬಿಗಿಮಾಡಿ, ಆಮೇಲೆ 100 ವ್ಯಾಟ್ ಐರನ್‌ನಲ್ಲಿ ಬೆಸುಗೆ. ಬರೀ ಬೆಸುಗೆ ನಂಬಿದರೆ ಸುತ್ತೋ ರಭಸಕ್ಕೆ ಕಿತ್ತುಬರುತ್ತೆ. ಅದರ ಮೇಲೆ ನಾನು ಹಾಕೋ ಕಟ್ಟು ಯಾವುದು ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಅನ್ನದ ದಾರಿ.

ಸ್ಲಿಪ್ ರಿಂಗ್‌ನಲ್ಲಿ ಗೆರೆ ಬಿದ್ದಿದ್ದರೆ ಲೇತ್‌ನಲ್ಲಿ ಕೂದಲೆಳೆಯಷ್ಟು ಹೊಡೆಸಿ 600 ನಂಬರ್ ಎಮರಿಯಲ್ಲಿ ಮುಗಿಸಿ. ತಿರುಗುವಾಗ ರಿಂಗ್ ಆಚೀಚೆ ಆಡೋದು (ರನ್‌ಔಟ್) 0.05 ಮಿ.ಮೀ. ಒಳಗಿರಬೇಕು, ಇಲ್ಲದಿದ್ದರೆ ಹೊಸ ಕಾರ್ಬನ್ ಕುಪ್ಪಳಿಸಿ ಬೇಗ ಸವೆಯುತ್ತೆ. ಕಾರ್ಬನ್ ಹೋಲ್ಡರಿಂದ 5 ಮಿ.ಮೀ. ಮಾತ್ರ ಹೊರಗಿದ್ದರೆ ಬದಲಾಯಿಸಿ. ಬೆಸೆಯುವಾಗ ಸೀಸ ಜಡೆ ವೈರಿನ ಒಳಕ್ಕೆ ಹತ್ತದಂತೆ ಇಕ್ಕಳದಲ್ಲಿ ಹಿಡಿದುಕೊಳ್ಳಿ. ಹತ್ತಿದರೆ ವೈರ್ ಸೆಟೆದು ಕಾರ್ಬನ್ ಕೆಳಗಿಳಿಯಲ್ಲ, ತಿಂಗಳೊಪ್ಪತ್ತಲ್ಲಿ ಅಲ್ಲೇ ಮುರಿಯುತ್ತೆ. ಹೊಸ ಕಾರ್ಬನ್ ಹಾಕಿದರೂ ಚಾರ್ಜ್ ಇಲ್ಲ ಅಂತ ಬರೋವುಗಳಲ್ಲಿ ಇದನ್ನೇ ಮೊದಲು ನೋಡಿ.

ಡಯೋಡ್ ಪ್ಲೇಟ್‌ಗೆ ಬರೀ ಮೀಟರಿನ ಡಯೋಡ್ ಟೆಸ್ಟ್ ಸಾಲಲ್ಲ. ಒಂದು ಕಡೆ 0.5 ಚಿಲ್ಲರೆ, ಇನ್ನೊಂದು ಕಡೆ ಓಪನ್ ಅಂತ ತೋರಿಸಿ ಗಾಡಿಯಲ್ಲಿ ಕೈ ಕೊಡೋ ಡಯೋಡ್‌ಗಳಿವೆ. ಕಾಯಿಲ್ (ಹೊರಗಿನ ಸ್ಟೇಟರ್ ಸುತ್ತು) ಬೇರೆ ಮಾಡಿ, ಪ್ಲೇಟನ್ನ ಹಾಟ್ ಏರ್ ಗನ್‌ನಲ್ಲಿ ಸುಮಾರು 100 ಡಿಗ್ರಿಗೆ ತನ್ನಿ. ಮೀಟರಿನ ಟೆಂಪರೇಚರ್ ಪ್ರೋಬ್ ಪ್ಲೇಟ್ ಮೇಲಿರಲಿ, 120 ದಾಟಿಸಬೇಡಿ. ಒಂದೊಂದೇ ಡಯೋಡ್‌ಗೆ ಉಲ್ಟಾ 12 ವೋಲ್ಟ್ ಕೊಟ್ಟು, ನಡುವೆ ಮಿಲಿ ಆಂಪ್ ಮೀಟರ್, ಜೊತೆಗೆ 2 ವ್ಯಾಟ್ ಡ್ಯಾಶ್‌ಬೋರ್ಡ್ ಬಲ್ಬ್. ಡಯೋಡ್ ಪೂರಾ ಶಾರ್ಟ್ ಆಗಿದ್ದರೆ ಬಲ್ಬ್ ಉರಿಯುತ್ತೆ, ಮೀಟರಿನ ಫ್ಯೂಸ್ ಉಳಿಯುತ್ತೆ. ಒಳ್ಳೆ ಡಯೋಡ್ ಬಿಸಿಯಲ್ಲೂ 1 ಮಿಲಿ ಆಂಪ್ ದಾಟಲ್ಲ. 5 ದಾಟಿದ್ದನ್ನ ನಾನು ಇಟ್ಟುಕೊಳ್ಳಲ್ಲ, ಯಾಕಂದ್ರೆ ಲೀಕ್ ಬಿಸಿಯನ್ನ ಏರಿಸುತ್ತೆ, ಬಿಸಿ ಲೀಕನ್ನ ಏರಿಸುತ್ತೆ, ಪ್ರತಿ ಹತ್ತು ಡಿಗ್ರಿಗೆ ಲೀಕ್ ಹೆಚ್ಚುಕಮ್ಮಿ ಎರಡರಷ್ಟು. ಒಂದೇ ಡಯೋಡ್ ಒತ್ತಿ ತೆಗೆದು ಬೇರೆ ಕೂರಿಸಬಹುದು, ಪ್ಲಸ್ ಮೈನಸ್ ಜಾತಿ ನೋಡಿಕೊಂಡು. ಆದರೆ ತೂತು ಸಡಿಲವಾದರೆ ಬಿಸಿ ಪ್ಲೇಟ್‌ಗೆ ಇಳಿಯಲ್ಲ, ಆ ಡಯೋಡೇ ಮೊದಲು ಹೋಗುತ್ತೆ. ಎರಡು ಹೋಗಿದ್ದರೆ ಪ್ಲೇಟೇ ಹಾಕಿ.

ಕಾಯಿಲ್‌ನ ಓಮ್ ಮಾಮೂಲಿ ಮೀಟರಿಗೆ ಸಿಗಲ್ಲ. 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಸರಣಿಯಲ್ಲಿ ಹಾಕಿ ಎರಡೆರಡು ತುದಿಗೆ ಕರೆಂಟ್ ಬಿಟ್ಟು, ಆ ತುದಿಗಳ ಮಧ್ಯೆ ಮಿಲಿವೋಲ್ಟ್ ಓದಿ. ಮೂರು ಜೋಡಿಯಲ್ಲೂ ಒಂದೇ ಸಂಖ್ಯೆ ಬರಬೇಕು. ಒಂದು ಜೋಡಿ ನೂರಕ್ಕೆ ಐದರಷ್ಟು ಕಡಿಮೆ ಬಂದರೂ ಒಳಗೆ ಸುತ್ತುಗಳು ಒಂದಕ್ಕೊಂದು ತಾಗಿವೆ. ಎಣ್ಣೆ ಮೆತ್ತಿದ ಕಾಯಿಲನ್ನ ಥಿನ್ನರ್‌ನಲ್ಲಿ ತೊಳೆಯಬೇಡಿ, ವಾರ್ನಿಷ್ ಕಿತ್ತುಬರುತ್ತೆ. ಪೆಟ್ರೋಲಲ್ಲಿ ಅದ್ದಿದ ಬ್ರಷ್‌ನಲ್ಲಿ ಒರೆಸಿ ಮಧ್ಯಾಹ್ನದ ಬಿಸಿಲಿಗಿಡಿ.

ಇನ್ನು ನಮ್ಮ ಸೀಮೆಯ ದೊಡ್ಡ ಕಾಯಿಲೆ. ಹಳೇ ಇಂಡಿಕಾ, ಸುಮೊ, ಬೊಲೆರೊಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇದೆ. ಮಧ್ಯದ ಸೀಲ್ ಹೋದರೆ ಎಂಜಿನ್ ಆಯಿಲ್ ಒಳಕ್ಕೆ ಬಂದು ಕಾರ್ಬನ್ ಪುಡಿಯ ಜೊತೆ ಕಪ್ಪು ರಾಡಿ ಆಗುತ್ತೆ, ಕಾರ್ಬನ್ ಹೋಲ್ಡರಲ್ಲೇ ಅಂಟಿ ನಿಲ್ಲುತ್ತೆ. ಪ್ರತಿ ಸಲ ಕಾರ್ಬನ್, ಪ್ಲೇಟ್ ಹಾಕಿ ಕಳಿಸಿದ ಗಾಡಿಗಳೇ ತಿರುಗಿ ಬರೋದು. ಸೀಲ್ ಹಾಕಿದರೂ ಸೋರುತ್ತೆ ಅಂತ ಕೈಬಿಟ್ಟವರಿದ್ದಾರೆ. ಅದಕ್ಕೆ ಮೂರು ಕಾರಣ ಸಿಕ್ಕಿವೆ. ಹಳೇ ಸೀಲಿನ ತುಟಿ ಶಾಫ್ಟ್ ಮೇಲೆ ಗೆರೆ ಕೊರೆದಿರುತ್ತೆ, ಹೊಸ ಸೀಲಿನ ತುಟಿ ಅದೇ ಗೆರೆಯಲ್ಲಿ ಕೂತರೆ ಎಣ್ಣೆ ನಿಲ್ಲಲ್ಲ. ಸೀಲನ್ನ ಒಂದು ಮಿ.ಮೀ. ಆಚೀಚೆ ಕೂರಿಸಿ, ಸ್ಪ್ರಿಂಗ್ ಇರೋ ಮುಖ ಪಂಪ್ ಕಡೆಗೇ ಇರಲಿ. ಎರಡನೇದು ಆಯಿಲ್ ವಾಪಸ್ ಇಳಿಯೋ ಪೈಪ್. ಒಳಗೆ ಮಸಿ ಕಟ್ಟಿ ಅರ್ಧ ಮುಚ್ಚಿದ್ದರೆ ಪಂಪ್‌ನಲ್ಲಿ ಎಣ್ಣೆ ತುಂಬಿ ಯಾವ ಸೀಲನ್ನಾದರೂ ತಳ್ಳಿಕೊಂಡು ಬರುತ್ತೆ. ಮೂರನೇದು ಆ ಪೈಪಿನ ಜಾಗಕ್ಕೆ ರೇಡಿಯೇಟರ್ ಹೋಸ್ ತುಂಡು ಕತ್ತರಿಸಿ ಹಾಕೋದು. ಆ ರಬ್ಬರ್ ನೀರಿಗೆ ಮಾಡಿದ್ದು, ಎಣ್ಣೆಗೆ ಊದಿ ಮೆತ್ತಗಾಗಿ ಒಳಗೇ ಮುದುಡುತ್ತೆ. ನೈಟ್ರೈಲ್ ಆಯಿಲ್ ಹೋಸೇ ಬೇಕು, ಎಲ್ಲೂ ಮೇಲಕ್ಕೆ ಬಾಗದೆ ಇಳಿಜಾರಾಗಿ ಬರಬೇಕು.

ಜೋಡಿಸುವಾಗ ಪಂಪಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಕೈಯಲ್ಲಿ ತಿರುಗಿಸಿ, ಒಣಗಿದ್ದರೆ ಮೊದಲ ಸ್ಟಾರ್ಟ್‌ನಲ್ಲೇ ಬ್ಲೇಡ್ ಗೀಚುತ್ತೆ. ತಾಮ್ರದ ವಾಷರ್ ಹೊಸದೇ. ವ್ಯಾಕ್ಯೂಮ್ ಗೇಜ್ ಹಾಕಿ 600–650 ಮಿ.ಮೀ. ಪಾದರಸ ಬಂತಾ ನೋಡಿ. ಮೈಸೂರು ಸಮುದ್ರಮಟ್ಟದಿಂದ 750 ಮೀಟರಿಗೂ ಮೇಲಿದೆ, ಕರಾವಳಿಯ ಗಾಡಿ ತೋರಿಸೋಷ್ಟು ಇಲ್ಲಿ ಬರಲ್ಲ, ಅದಕ್ಕೆ ಪಂಪ್ ಬದಲಾಯಿಸಬೇಡಿ. ಬ್ರೇಕ್ ಪೆಡಲ್ ನೋಡದೆ ಗಾಡಿ ಕೊಡಲೇಬೇಡಿ, ಇದು ಜೀವದ ವಿಷಯ.

ಬೇರಿಂಗ್ ಬಗ್ಗೆ ಎರಡೇ ಮಾತು. ಹಳೇದರ ಮೇಲಿನ ನಂಬರ್ ಓದಿ ಅದನ್ನೇ ತನ್ನಿ, 2ಆರ್‌ಎಸ್ ಸಿ3 (ಎರಡೂ ಬದಿ ರಬ್ಬರ್ ಸೀಲ್, ಒಳಗೆ ಸ್ವಲ್ಪ ಹೆಚ್ಚು ಸಡಿಲ) ಇರಲಿ. ಶಾಫ್ಟ್‌ಗೆ ಹತ್ತಿಸುವಾಗ ಒಳ ರಿಂಗ್ ಮೇಲೆ ಒತ್ತಿ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಪ್ಲೇಟ್ 500–700, ರೆಗ್ಯುಲೇಟರ್ 450ರ ಹತ್ರ, ಕಾರ್ಬನ್ 80, ಬೇರಿಂಗ್ ಜೋಡಿ 300, ಸೀಲ್ 50, ಹೋಸ್ 150, ಲೇತ್ 100. ಎಲ್ಲ ಒಟ್ಟಿಗೆ ಹೋಗೋದು ಅಪರೂಪ. ಸಾಮಾನ್ಯವಾಗಿ ಸಾಮಾನು 800–900, ಕೂಲಿ 700. ಎಕ್ಸ್‌ಚೇಂಜ್ ಅಂದ್ರೆ ಮೂರೂವರೆ ಸಾವಿರ, ಹೊಸದು ಏಳೆಂಟು ಸಾವಿರ. ಬಿಸಿ ಟೆಸ್ಟ್‌ಗೆ ಒಂದು ಗಂಟೆ ಹೆಚ್ಚು ಹಿಡಿಯುತ್ತೆ, ಆ ಗಂಟೆಗೆ 200 ಬೇರೆ ತಗೋತೀನಿ, ಕೇಳಿದವರಿಗೆ ಮೀಟರ್ ತೋರಿಸಿಯೇ ತಗೋತೀನಿ. ಒಳ್ಳೆ ಪ್ಲೇಟ್ ಸಿಗೋ ಅಂಗಡಿ ಮೈಸೂರಲ್ಲೇ ಇದೆ, ಹೆಸರು ಬೇಡ. ತೂಕ ನೋಡಿ ಕೊಳ್ಳಿ, ಹಗುರ ಪ್ಲೇಟ್ ಬಿಸಿ ತಡೆಯಲ್ಲ.

ಮಧ್ಯದಲ್ಲಿ ಒಂದು ಪ್ರಯೋಗವೂ ಆಯ್ತು. ಮೀಟರ್ ಬೋರ್ಡಿನ ಬಲ್ಬೆಲ್ಲ ಎಲ್‌ಇಡಿ ಮಾಡಿಸಿಕೊಂಡ ಗಾಡಿಗಳಲ್ಲಿ ಸ್ಟಾರ್ಟ್ ಆದ ಕೂಡಲೇ ಚಾರ್ಜ್ ಇಲ್ಲ, ಜೋರಾಗಿ ರೇಸ್ ಮಾಡಿದರೆ ಬರುತ್ತೆ. ಚಾರ್ಜ್ ಲೈಟಿನ ಹಳೇ 2 ವ್ಯಾಟ್ ಬಲ್ಬ್ ಮೂಲಕವೇ ಆರ್ಮೇಚರ್‌ಗೆ ಮೊದಲ ಕರೆಂಟ್ ಹೋಗೋದು, ಎಲ್‌ಇಡಿ ಅಷ್ಟು ಬಿಡಲ್ಲ. ಬೇರೆ ಬೇರೆ ರೆಸಿಸ್ಟರ್ ಹಾಕಿ ನೋಡಿದ ಮೇಲೆ 56 ಓಮ್, 5 ವ್ಯಾಟ್ ಸರಿಹೊಂದಿತು, ಎಲ್‌ಇಡಿಗೆ ಪ್ಯಾರಲಲ್ ಆಗಿ. ಹತ್ತು ರೂಪಾಯಿ ಕೂಡ ಆಗಲ್ಲ. ಪ್ಲಾಸ್ಟಿಕ್‌ಗೆ ತಾಗದಂತೆ ಕಟ್ಟಿ, ಇಗ್ನಿಷನ್ ಆನ್ ಇಟ್ಟು ಬಿಟ್ಟರೆ ರೆಸಿಸ್ಟರ್ ಚೆನ್ನಾಗಿ ಬಿಸಿಯಾಗುತ್ತೆ.

ಇಸಿಯು ಹೇಳಿದಂತೆ ಚಾರ್ಜ್ ಮಾಡೋ ಹೊಸ ಗಾಡಿಗಳಿಗೆ ಮೇಲಿನ ವೋಲ್ಟ್ ಲೆಕ್ಕ ಹಾಕಬೇಡಿ. ಅವು 12.6ರಲ್ಲೂ ಓಡ್ತವೆ, 14.8ಕ್ಕೂ ಹೋಗ್ತವೆ. ಕೆಲವದರಲ್ಲಿ ಹೆಡ್‌ಲೈಟ್ ಹಾಕಿದ ಕೂಡಲೇ ವೋಲ್ಟ್ ಇಳಿಯೋ ಬದಲು ಏರುತ್ತೆ, ಹಾಗಾದರೆ ಆಲ್ಟರ್ನೇಟರ್ ಸರಿ ಇದೆ ಅಂತ ತಿಳಿದು ಸ್ಕ್ಯಾನರ್ ಹಾಕಿ. ಮಾರುತಿಯ ಸ್ಮಾರ್ಟ್ ಹೈಬ್ರಿಡ್‌ಗಳಲ್ಲಿ ಆ ಜಾಗದಲ್ಲಿರೋದು ಐಎಸ್‌ಜಿ, ಅಂದ್ರೆ ಸ್ಟಾರ್ಟರೂ ಜನರೇಟರೂ ಒಂದೇ ಆದದ್ದು, ಸಿಗ್ನಲ್‌ನಲ್ಲಿ ತಾನೇ ನಿಂತ ಎಂಜಿನ್ನನ್ನ ಮತ್ತೆ ಸ್ಟಾರ್ಟ್ ಮಾಡೋದೂ ಅದೇ. ಅದನ್ನ ನಾನು ಬಿಚ್ಚಲ್ಲ, ಬೆಲ್ಟ್ ಮತ್ತು ಅರ್ಥ್ ನೋಡಿ ಕಳಿಸ್ತೀನಿ.