ಮೆಡಿಕೇರ್‌ನಲ್ಲಿ ವೀಲ್‌ಚೇರ್: ಬಾಡಿಗೆಯೋ, ಸ್ವಂತವೋ?

ಅಮೆರಿಕದಲ್ಲಿರುವ ಅಪ್ಪ ಅಮ್ಮನಿಗೆ ಒರಿಜಿನಲ್ ಮೆಡಿಕೇರ್ (ಅಲ್ಲಿನ ಸರ್ಕಾರವೇ ನಡೆಸುವ, ಮುಖ್ಯವಾಗಿ ಹಿರಿಯರ ಆರೋಗ್ಯ ವಿಮೆ) ಇದ್ದರೆ ಸುಮ್ನೆ ಅಂಗಡಿಗೆ ಹೋಗಿ ವೀಲ್‌ಚೇರ್ ಕೊಳ್ಳಬೇಡಿ. ಮೊದಲು ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಆಮೇಲೆ ಸಪ್ಲೈಯರ್‌ಗೆ ‘ಮೆಡಿಕೇರ್ ಅಸೈನ್‌ಮೆಂಟ್ ಒಪ್ಪುತ್ತೀರಾ?’ ಅಂತ ಕೇಳಿ, ಅಂದರೆ ಮೆಡಿಕೇರ್ ಒಪ್ಪಿದ ದರವನ್ನೇ ಪೂರ್ತಿ ದರ ಅಂತ ತೆಗೆದುಕೊಳ್ಳುತ್ತಾರಾ ಅಂತ. ಇಲ್ಲದಿದ್ದರೆ ಬಿಲ್ ಜಾಸ್ತಿ ಬರಬಹುದು.

ಮಾಮೂಲಿ ವೀಲ್‌ಚೇರ್, ಆಸ್ಪತ್ರೆ ಮಂಚ ಮೊದಲು ಬಾಡಿಗೆಗೇ ಬರುತ್ತವೆ. ಬಿಡದೆ 13 ತಿಂಗಳು ಕಳೆದರೆ ನಿಮ್ಮದೇ. ಬಾಡಿಗೆ ತಿಂಗಳಿಗೆ 50 ಡಾಲರ್ ಅಂದುಕೊಳ್ಳಿ. ಡಿಡಕ್ಟಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ವರ್ಷಕ್ಕೊಮ್ಮೆ ನೀವೇ ಕಟ್ಟಬೇಕಾದ ಮೊತ್ತ) ಮುಗಿದ ಮೇಲೆ ನಿಮ್ಮ ಪಾಲು ಶೇ. 20, ಅಂದರೆ 10 ಡಾಲರ್. ಬಾಡಿಗೆ ಇರುವಾಗ ಚಕ್ರ ಕಿರುಗುಟ್ಟಿದರೆ ಫೋನ್ ಮಾಡಿ, ಅವರೇ ಸರಿ ಮಾಡಿಕೊಡಬೇಕು. ನಿಮ್ಮದಾದ ಮೇಲೆ ರಿಪೇರಿಗೂ ಶೇ. 20 ಬೀಳುತ್ತದೆ.

ಆಕ್ಸಿಜನ್ ಯಂತ್ರದ ಲೆಕ್ಕವೇ ಬೇರೆ: 36 ತಿಂಗಳು ಬಾಡಿಗೆ ಕಟ್ಟಿದರೂ ಅದು ನಿಮ್ಮದಾಗುವುದಿಲ್ಲ, ಆದರೆ ಅಗತ್ಯ ಇರುವವರೆಗೆ, ಒಟ್ಟು 5 ವರ್ಷದ ತನಕ, ಯಂತ್ರ, ಟ್ಯೂಬು, ರಿಪೇರಿ ಎಲ್ಲ ಸಪ್ಲೈಯರ್ ತಲೆನೋವು. ನನ್ನ ಕೇಳಿದರೆ ಇದೇ ಆರಾಮ.